ಅಂಗುಳಿನ ಬಿರಡೆ

ಜನವರಿ ೯

ಇವತ್ತಿನಿಂದ ಬರೆಯೋಣ ಅಂತ ಕೂತೆ. ಅಂಗಡಿಗೆ ಬರುವವರ ಜೊತೆ ‘ಮಾತಾಡಲು’ ಒಂದು ಸ್ಲೇಟು ಇಟ್ಟುಕೊಂಡಿದ್ದೇನೆ. ‘ಮೀಸೆ ಇರಲಾ?’, ‘ಹಿಂದೆ ಸಣ್ಣಗೆ ಮಾಡಲಾ?’ ಬರೆಯುವುದು, ತೋರಿಸುವುದು, ಒರೆಸುವುದು. ಸ್ಲೇಟಿಗೆ ಹಿಡಿಸದ್ದು ತುಂಬ ಉಳಿದುಹೋಗುತ್ತಿದೆ.

ಒಂದು ಕಾಲದಲ್ಲಿ ಈ ಬೀದಿಯಲ್ಲಿ ನನ್ನಷ್ಟು ಮಾತಾಡುವವನು ಇನ್ನೊಬ್ಬ ಇರಲಿಲ್ಲ. ಗಡ್ಡ ತೆಗೆಸಲು ಬಂದವರು ಗಡ್ಡ ತೆಗೆದಾದ ಮೇಲೂ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ. ಪಕ್ಕದ ಕುರ್ಚಿಯಿಂದ ತಮ್ಮ ಗೊಣಗುತ್ತಿದ್ದ: “ಅಣ್ಣ, ನೀನು ಕತ್ತರಿ ಆಡಿಸೋದು ಕಡಿಮೆ, ನಾಲಗೆ ಆಡಿಸೋದೇ ಜಾಸ್ತಿ.”

ಹೋದ ವರ್ಷ ಮೇಲ್ದವಡೆಯ ಬಲಗಡೆ ಗಡ್ಡೆ ಎದ್ದಿತು. ಹಲ್ಲುನೋವು ಅಂತ ತಿಂಗಳುಗಟ್ಟಲೆ ಮಾತ್ರೆ ನುಂಗಿದೆ. ಕೊನೆಗೆ ಆಪರೇಷನ್ ಮಾಡಿ ಅರ್ಧ ಮೇಲ್ದವಡೆ, ಅಲ್ಲಿದ್ದ ಹಲ್ಲು, ಅರ್ಧ ಅಂಗುಳು ಎಲ್ಲ ತೆಗೆದರು. ಬೇರೆ ಕಡೆಗೆ ಹರಡುವ ಜಾತಿಯ ಗಡ್ಡೆಯಲ್ಲ, ರೇಡಿಯೇಷನ್ ಕರೆಂಟು ಕೊಡುವ ಅಗತ್ಯ ಇಲ್ಲ, ಪುಣ್ಯವಂತರು ನೀವು ಅಂದರು. ಪುಣ್ಯವಂತನ ಬಾಯಿಗೂ ಮೂಗಿಗೂ ನಡುವೆ ಈಗ ಗೋಡೆಯೇ ಇಲ್ಲ. ನೀರು ಕುಡಿದರೆ ಮೂಗಿನಿಂದ ಬರುತ್ತದೆ. ಮಾತಾಡಿದರೆ ಉಸಿರೆಲ್ಲ ಮೂಗಿಗೆ ನುಗ್ಗುತ್ತದೆ. ತೂತು ಮುಚ್ಚಲು ಗುಲಾಬಿ ಬಣ್ಣದ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ತುಂಡನ್ನು ಮಾಡಿಕೊಟ್ಟಿದ್ದಾರೆ. ಅದಕ್ಕೆ ಡಾಕ್ಟರುಗಳು ಉದ್ದನೆಯ ಹೆಸರು ಹೇಳುತ್ತಾರೆ. ನಾನು ಬಿರಡೆ ಅನ್ನುತ್ತೇನೆ. ಸೀಸೆಗೆ ಸರಿಯಾಗಿ ಕೂರದ ಬಿರಡೆ. ಬಾಯಿ ಅಗಲಿಸಿದರೆ ಜಾರಿ ನಾಲಗೆ ಮೇಲೆ ಬೀಳುತ್ತದೆ.

ಜನವರಿ ೧೨

ಇದನ್ನೂ ಬರೆದುಬಿಡುತ್ತೇನೆ. ನಾನು ಊಟಕ್ಕೆ ಕೆಳಗೆ ಹೋಗುವುದನ್ನು ಯಾಕೆ ಬಿಟ್ಟೆ ಅಂತ ತಮ್ಮನಿಗೂ ಸರಿಯಾಗಿ ಗೊತ್ತಿಲ್ಲ.

ಅಂಗಡಿಯ ಹಿಂದೆ ಅವನ ಮನೆ, ಮಹಡಿಯಲ್ಲಿ ನನ್ನ ಕೋಣೆ. ಮದುವೆಯಾಗದೆ ಉಳಿದವನು ನಾನು, ಊಟ ಯಾವಾಗಲೂ ಅವರ ಜೊತೆ. ಒಂದು ದಿನ ಕೈ ತೊಳೆಯಲು ಹೋದಾಗ ತಮ್ಮನ ಮಗಳು ಮೂಲೆಯಲ್ಲಿ ಗೊಂಬೆ ಇಟ್ಟುಕೊಂಡು ಆಡುತ್ತಿದ್ದಳು. ಆರು ವರ್ಷ ಅವಳಿಗೆ. ಗೊಂಬೆಗೆ ಹೇಳುತ್ತಿದ್ದಳು: “ಮಾ ಮುಣ್ಣಿ, ಹಾಲು ಙುಣಿ.”

ಬಾ ಪುಟ್ಟಿ, ಹಾಲು ಕುಡಿ. ನಾನು ದಿನಾ ಅವಳಿಗೆ ಹೇಳುವ ಮಾತು. ನನ್ನ ಬಾಯಲ್ಲಿ ಪ, ಬ ಎಲ್ಲ ಮ ಆಗುತ್ತವೆ, ಟ ಡ ಎಲ್ಲ ಣ, ಕ ಹೋಗಿ ಙ. ಅವಳು ಅಣಕಿಸುತ್ತಿರಲಿಲ್ಲ, ದೊಡ್ಡಪ್ಪನ ಪಾತ್ರ ಮಾಡುತ್ತಿದ್ದಳು, ಅಷ್ಟೆ. ಗೊಂಬೆಯ ತಲೆ ಸವರುತ್ತಿದ್ದ ರೀತಿಯೂ ನನ್ನದೇ. ಆದರೆ ಅವಳಮ್ಮ ನನ್ನ ಮುಖ ನೋಡಿದಳು, ನೋಡಿದವಳೇ ಮಗುವಿನ ಬೆನ್ನಿಗೆ ಒಂದು ಬಿಟ್ಟಳು. ಆ ಪೆಟ್ಟಿನ ಸದ್ದು ಇನ್ನೂ ಕಿವಿಯಲ್ಲಿದೆ.

ಅವತ್ತಿನಿಂದ ತಟ್ಟೆ ಮೇಲಕ್ಕೇ ಬರುತ್ತದೆ. ಬಾಗಿಲು ಹಾಕಿ, ಟವೆಲು ಹಿಡಿದು, ಬಗ್ಗಿ ಉಣ್ಣುತ್ತೇನೆ.

ಜನವರಿ ೨೪

ಹಲ್ಲಿನ ಕಾಲೇಜಿನ ಆಸ್ಪತ್ರೆಗೆ ತಮ್ಮ ಎಳೆದುಕೊಂಡು ಹೋದ. ಅಲ್ಲಿ ಹೊಸ ಡಾಕ್ಟರಮ್ಮ ಒಬ್ಬರಿದ್ದಾರೆ, ಮುಖದ ಎಲುಬು ಕಳಕೊಂಡವರಿಗೆ ಕಂಪ್ಯೂಟರಿನಲ್ಲಿ ಅಳತೆ ತೆಗೆದು ಬದಲಿ ಭಾಗ ಮಾಡಿಕೊಡುತ್ತಾರಂತೆ.

ಹಿಂದೆ ಅಳತೆ ತೆಗೆದಾಗ ತಟ್ಟೆಯ ತುಂಬ ಹಿಟ್ಟಿನಂಥ ಪೇಸ್ಟು ತುಂಬಿ ಬಾಯಿಗೆ ಒತ್ತಿದ್ದರು. ಒಂದು ಚೂರು ಮೇಲಿನ ಪೊಟರೆಗೆ ಸಿಕ್ಕಿಕೊಂಡು ಉಸಿರು ನಿಂತು ಕಾಲು ಬಡಿದಿದ್ದೆ. ಇವತ್ತು ಡಾಕ್ಟರಮ್ಮ ಬಾಯಿ ತೆರೆಯಿರಿ ಅಂದಾಗಲೇ “ಬೇಡ, ಬೇಡ” ಅಂದೆ. ಹೊರಗೆ ಬಂದದ್ದು “ಮೇಣ, ಮೇಣ.”

“ಮೇಣಾನಾ? ಮೇಣ ಏನೂ ಹಾಕಲ್ಲ ಸರ್,” ಅಂದರು. ತಮ್ಮ ಮುಖ ಆಚೆ ತಿರುಗಿಸಿದ, ನಗು ತಡೆಯಲೋ ಅಳು ತಡೆಯಲೋ ಗೊತ್ತಾಗಲಿಲ್ಲ. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನಿಸಿತು.

ಹಿಟ್ಟೂ ಇಲ್ಲ, ಪೇಸ್ಟೂ ಇಲ್ಲ. ನಮ್ಮ ಟ್ರಿಮ್ಮರಿನಷ್ಟು ದಪ್ಪದ ಒಂದು ಕ್ಯಾಮೆರಾ, ತುದಿಯಲ್ಲಿ ಬೆಳಕು. ಅದನ್ನು ಬಾಯಿಯೊಳಗೆ ಆಡಿಸುತ್ತಾ ಹೋದರು, ಪರದೆಯ ಮೇಲೆ ಚೂರು ಚೂರಾಗಿ ನನ್ನ ಬಾಯಿ ಮೂಡುತ್ತಾ ಬಂತು. ಎಡಗಡೆ ಹಲ್ಲು, ವಸಡು. ಬಲಗಡೆ ಬರಬರುತ್ತಾ ಏನೂ ಇಲ್ಲ, ಬರೀ ಒಂದು ಗವಿ. ಇಷ್ಟು ದಿನ ನಾಲಗೆಯಿಂದ ಮುಟ್ಟಿ ಮುಟ್ಟಿ ಅಂದಾಜು ಮಾಡಿದ್ದೆ. ನಾನು ಅಂದುಕೊಂಡದ್ದಕ್ಕಿಂತ ದೊಡ್ಡದು. ಡಾಕ್ಟರಮ್ಮ ಅದನ್ನು ಬೆರಳಿನಿಂದ ತಿರುಗಿಸಿ ಎಲ್ಲ ಕಡೆಯಿಂದ ತೋರಿಸಿದರು. ನೋವೇ ಆಗಲಿಲ್ಲ.

ಕಾಯುವ ಕೋಣೆಯಲ್ಲಿ ಒಬ್ಬ ಹೆಂಗಸು ಕೂತಿದ್ದರು. ಅರವತ್ತರ ಆಸುಪಾಸು, ಕೆಳದವಡೆ ಒಂದು ಕಡೆ ಸೊಟ್ಟ. ಕರವಸ್ತ್ರದಿಂದ ಜೊಲ್ಲು ಒರೆಸಿಕೊಳ್ಳುತ್ತಾ ಎಲ್ಲರಿಗೂ ಜಾಗ ತೋರಿಸುತ್ತಿದ್ದರು: “ಆ ಕಡೆ ಎರಡು ಸೀಟ್ ಖಾಲಿ ಇದೆ, ನಿಂತವರು ಒಳಗೆ ಹೋಗಿ.” ಅರ್ಧ ಅಕ್ಷರಗಳು ತೊದಲುತ್ತಿದ್ದವು. ಬಸ್ ಕಂಡಕ್ಟರ್ ಆಗಿದ್ದವರಂತೆ. ನನ್ನ ಕಡೆ ತಿರುಗಿ “ನಿಮ್ಮದು ಮೇಲಾ, ಕೆಳಗಾ?” ಅಂದರು. ಮಾಸ್ಕನ್ನು ಇನ್ನಷ್ಟು ಮೇಲಕ್ಕೆ ಎಳೆದುಕೊಂಡೆ. ಇಂಥವರ ಪಕ್ಕ ಕೂರಬಾರದು.

ಜನವರಿ ೩೦

ಏನೂ ಇಲ್ಲ. ನಾಲ್ಕು ಗಿರಾಕಿಗಳು ಬಂದರು, ನಾಲ್ವರೂ ತಮ್ಮನ ಕುರ್ಚಿ ಖಾಲಿಯಾಗುವ ತನಕ ಪೇಪರ್ ಓದಿದರು.

ಫೆಬ್ರವರಿ ೧೫

ಡಾಕ್ಟರಮ್ಮ ನನ್ನ ತಲೆಬುರುಡೆಯನ್ನು ಕೈಗೆ ಕೊಟ್ಟರು. ನಿಜವಾಗಿ. ಸ್ಕ್ಯಾನಿಂಗ್ ಚಿತ್ರದಿಂದ ಬಿಳೀ ಪ್ಲಾಸ್ಟಿಕ್ಕಿನಲ್ಲಿ ಪ್ರಿಂಟ್ ಮಾಡಿದ್ದಾರಂತೆ. ಸಾವಿರಾರು ತಲೆ ಮುಟ್ಟಿದವನು ನಾನು, ನನ್ನ ತಲೆಯೊಳಗಿನ ಎಲುಬನ್ನು ಹಿಡಿದದ್ದು ಇದೇ ಮೊದಲು.

ಬಿರಡೆ ಜಾರುವುದು ಯಾಕೆಂದರೆ ಬಲಗಡೆ ಅದಕ್ಕೆ ಹಿಡಿದುಕೊಳ್ಳಲು ಏನೂ ಇಲ್ಲ. ದವಡೆಯೆಲುಬು ಹೋಗಿದೆ, ಆದರೆ ಕೆನ್ನೆಯೆಲುಬು ಗಟ್ಟಿಯಾಗಿದೆ. ಅದಕ್ಕೆ ಎರಡು ಟೈಟಾನಿಯಂ ಸ್ಕ್ರೂ ಕೂರಿಸುತ್ತಾರೆ. ಒಂದೊಂದೂ ಹತ್ತಿರ ಹತ್ತಿರ ಕಿರುಬೆರಳಷ್ಟು ಉದ್ದ. ಎಲುಬು ಅದನ್ನು ಕಚ್ಚಿಕೊಂಡ ಮೇಲೆ ಅವುಗಳ ತಲೆಗೆ ಒಂದು ಪಟ್ಟಿ, ಆ ಪಟ್ಟಿಗೆ ಬಿರಡೆ ಟಿಚ್ ಬಟನ್ನಿನ ಹಾಗೆ ಕೂರುತ್ತದೆ.

“ಕಣ್ಣಿನ ಗುಳಿ ಹತ್ತಿರಾನೇ ಹೋಗುತ್ತಲ್ಲ ಮೇಡಂ,” ತಮ್ಮ ಕೇಳಿದ.

“ಹತ್ತಿರ ಹೋಗುತ್ತೆ. ಅದಕ್ಕೇ ಮೊದಲು ಕಂಪ್ಯೂಟರಲ್ಲಿ ದಾರಿ ಗುರುತು ಹಾಕಿ, ಆಮೇಲೆ ಈ ಬುರುಡೆ ಮೇಲೆ ಮಾಡಿ ನೋಡಿದ್ದೀನಿ. ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ.”

ಸುಳ್ಳು ಹೇಳದವರ ಮೇಲೆ ನಂಬಿಕೆ ಬರುತ್ತದೆ. ಭಯವೂ ಬರುತ್ತದೆ. ಸ್ಲೇಟಿನ ಮೇಲೆ ‘ಆಗಲಿ’ ಅಂತ ಬರೆದು ತೋರಿಸಿದೆ.

ಮಾರ್ಚ್ ೩

ಆಯಿತು. ಕಣ್ಣು ಇದೆ. ಕೆನ್ನೆ ಬೆಲ್ಲದಚ್ಚಿನ ಹಾಗೆ ಊದಿದೆ. ಬರೆಯಲು ಕೈ ಬರುತ್ತಿಲ್ಲ.

ಮಾರ್ಚ್ ೨೧

ಡ್ರೆಸ್ಸಿಂಗಿಗೆ ಹೋದಾಗ ಕಂಡಕ್ಟರಮ್ಮ ಮತ್ತೆ ಸಿಕ್ಕಿದರು. ಪಕ್ಕದಲ್ಲಿ ಬಂದು ಕೂತೇಬಿಟ್ಟರು. ಅವರ ಕೆಳದವಡೆಯಲ್ಲಿ ಕ್ಯಾನ್ಸರ್ ಇತ್ತಂತೆ. ತೆಗೆದ ಜಾಗಕ್ಕೆ ಅವರದೇ ಕಾಲಿನ ಎಲುಬನ್ನು ಅಳತೆಗೆ ಸರಿಯಾಗಿ ಕತ್ತರಿಸಿ ಜೋಡಿಸಿದ್ದಾರೆ. ಈಗ ಆ ಎಲುಬಿಗೆ ಹಲ್ಲು ಕೂರಿಸಲು ಬರುತ್ತಿದ್ದಾರೆ.

“ನನ್ನ ಕಾಲು ನನ್ನ ಬಾಯಲ್ಲಿದೆ ಕಣ್ರೀ,” ಅಂದರು. “ಅದಕ್ಕೇ ಮಾತು ಇಷ್ಟು ಓಡುತ್ತೆ.”

ನಗು ಬಂತು. ಬಿರಡೆ ಪಟಕ್ಕನೆ ಜಾರಿ ಮಾಸ್ಕಿನೊಳಗೆ ಬಿತ್ತು. ಅವರು ನೋಡಿದರು, ಕರವಸ್ತ್ರ ಕೊಟ್ಟರು, ತಮ್ಮ ಪಾಡಿಗೆ ತಾವು ಮುಂದಿನ ಮಾತಿಗೆ ಹೋದರು. ಮನೆಗೆ ತಂದ ಕರವಸ್ತ್ರ ಒಗೆದು ಹಾಕಿದ್ದೇನೆ. ವಾಪಸು ಕೊಡಬೇಕಲ್ಲ, ಅದೊಂದು ತಲೆನೋವು.

ಜುಲೈ ೧೮

ನಾಲ್ಕು ತಿಂಗಳು ಎಲುಬು ಮಾಗಲು ಬಿಟ್ಟಿದ್ದರು. ಬರೆಯುವಂಥದ್ದೇನೂ ನಡೆಯಲಿಲ್ಲ. ಇವತ್ತು ಹೊಸ ಬಿರಡೆ ಬಂತು!

ಎಷ್ಟು ಹಗುರ! ಒಳಗೆ ಟೊಳ್ಳು, ಮೊಟ್ಟೆಯ ಹಾಗೆ. ಕಂಪ್ಯೂಟರಿನಲ್ಲೇ ಆಕಾರ ಕೊಟ್ಟು ಯಂತ್ರದಲ್ಲಿ ಪದರ ಪದರವಾಗಿ ಮಾಡಿದ್ದಂತೆ. ಹಲ್ಲುಗಳ ಬಣ್ಣ ನನ್ನ ಎಡಗಡೆ ಹಲ್ಲಿನದೇ, ಚಹಾ ಕುಡಿದ ಕಲೆಯ ಸಮೇತ. ಒತ್ತಿದರೆ ‘ಟಿಕ್’ ಅಂತ ಕೂರುತ್ತದೆ. ಬಾಯಿ ಎಷ್ಟೇ ಅಗಲಿಸಿದರೂ ಬೀಳುವುದಿಲ್ಲ. ಒಂದರಿಂದ ಹತ್ತು ಎಣಿಸಿದೆ. ಡಾಕ್ಟರಮ್ಮ ಸರಿ ಅಂತ ತಲೆಯಾಡಿಸಿದರು. ನಾಳೆ ಅಂಗಡಿಯಲ್ಲಿ ಮಾಸ್ಕ್ ಇಲ್ಲದೆ ನಿಲ್ಲುತ್ತೇನೆ.

ಜುಲೈ ೧೯

ಬೆಳಿಗ್ಗೆ ಮೊದಲು ಬಂದವರು ಪೋಸ್ಟಾಫೀಸಿನ ಯಜಮಾನರು, ನನ್ನ ಹಳೇ ಗಿರಾಕಿ. ತಮ್ಮ ಬೇಕಂತಲೇ ಏನೋ ಹುಡುಕುವವನ ಹಾಗೆ ಒಳಗೆ ಹೋದ. ಅವರು ನನ್ನ ಕುರ್ಚಿಯಲ್ಲಿ ಕೂತರು. ಬಟ್ಟೆ ಹೊದಿಸಿ “ಬನ್ನಿ ಬನ್ನಿ, ಬಹಳ ದಿನ ಆಯ್ತು. ಹೇಗಿದ್ದೀರಿ?” ಅಂದೆ. ಮೊದಲೆರಡು ಪದ ಸರಿಯಾಗೇ ಬಂದವು. ಆಮೇಲೆ ಮಾತು ಉದ್ದವಾದ ಹಾಗೆ ಹಿಂದೆಲ್ಲೋ ಸಂದು ಬಿಟ್ಟುಕೊಂಡು ಗಾಳಿ ಮೂಗಿಗೆ ನುಗ್ಗಿತು. ಅವರು ಕನ್ನಡಿಯಲ್ಲಿ ನನ್ನನ್ನು ನೋಡಿ, ಒಳಗಿದ್ದ ತಮ್ಮನನ್ನು ಕೂಗಿ ಕೇಳಿದರು: “ಏನಂತಾರೆ?”

ಗಂಟಲು ಒಣಗಿತ್ತು. ಒಂದು ಗುಟುಕು ನೀರು ಕುಡಿದೆ. ಅದು ಮೂಗಿನಿಂದ ಅವರ ಹೆಗಲ ಮೇಲೆ ಸುರಿಯಿತು.

“ಪರವಾಗಿಲ್ಲ, ಪರವಾಗಿಲ್ಲ,” ಅನ್ನುತ್ತಾ ಎದ್ದು ತಮ್ಮನ ಕುರ್ಚಿಗೆ ಹೋದರು. ಬೈದಿದ್ದರೆ ಚೆನ್ನಾಗಿತ್ತು.

ಜುಲೈ ೨೨

ಸ್ಲೇಟಿನ ಮೇಲೆ ಬರೆದು ತಮ್ಮನಿಗೆ ತೋರಿಸಿದೆ: ‘ನನ್ನ ಕುರ್ಚಿಗೆ ಬೇರೆ ಯಾರನ್ನಾದರೂ ನೋಡು. ನಾನು ಗುರುತಿಲ್ಲದ ಯಾವುದಾದರೂ ಊರಿಗೆ ಹೋಗುತ್ತೇನೆ.’

ಅವನು ಅದನ್ನು ಎರಡು ಸಲ ಓದಿದ. “ಅಲ್ಲಿಗೆ ಹೋಗಿ ಏನು ಮಾಡ್ತೀಯ?”

‘ಮೂಗ ಅಂತ ಹೇಳಿಕೊಳ್ಳುತ್ತೇನೆ. ಹುಟ್ಟಿನಿಂದಲೇ ಮಾತಿಲ್ಲ ಅಂದರೆ ಯಾರೂ ಏನೂ ಕೇಳುವುದಿಲ್ಲ.’

“ನಿಂಗೆ ತಲೆಗಿಲೆ ಕೆಟ್ಟಿದೆಯಾ ಅಣ್ಣ?” ಅಂತ ಕೂಗಾಡಿದ. ಆದರೂ ನಾನು ಬಿಡಲಿಲ್ಲ. ಸಂಜೆ ನಾನೇ ‘ಕೆಲಸಗಾರರು ಬೇಕಾಗಿದ್ದಾರೆ’ ಅಂತ ಬರೆದು ಬಾಗಿಲಿಗೆ ಅಂಟಿಸಿದೆ. ಹೊಸ ಬಿರಡೆ ಡಬ್ಬಿಯಲ್ಲಿದೆ. ಆಸ್ಪತ್ರೆಯಿಂದ ಫೋನು ಬಂದರೆ ತೆಗೆಯಬೇಡ ಅಂದಿದ್ದೇನೆ.

ಆಗಸ್ಟ್ ೪

ಭಾನುವಾರ. ಕೆಳಗೆ ಅವರು ಮೂವರೂ ನಗುತ್ತಿರುವುದು ಕೇಳಿಸುತ್ತಿದೆ. ತಟ್ಟೆ ತಂದಿಡುವಾಗ ತಮ್ಮನ ಹೆಂಡತಿ ಬಾಗಿಲಾಚೆ ನಿಂತು “ಭಾವ, ಇವತ್ತೊಂದಿನ ಕೆಳಗೆ ಬನ್ನಿ” ಅಂದಳು. ಬಾಗಿಲು ತೆಗೆಯಲಿಲ್ಲ. ಆಮೇಲೆ ಮೆಟ್ಟಿಲು ಇಳಿದ ಸದ್ದು.

ಆಗಸ್ಟ್ ೧೦

ಕಂಡಕ್ಟರಮ್ಮ ಅಂಗಡಿಗೇ ಬಂದರು! ಗಂಡಸರ ಸಲೂನಿನೊಳಗೆ ನೆಟ್ಟಗೆ ನುಗ್ಗಿ, ನನ್ನ ಖಾಲಿ ಕುರ್ಚಿಯಲ್ಲಿ ಕೂತು, “ನನ್ನ ಕರವಸ್ತ್ರ ಎಲ್ಲಿ?” ಅಂದರು. ತಮ್ಮ ವಿಳಾಸ ಕೊಟ್ಟಿದ್ದಾನೆ, ಕಳ್ಳ.

ಕರವಸ್ತ್ರ ಕೊಟ್ಟೆ. ಅದನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡು, “ಎರಡು ಸಲ ನಿಮ್ಮ ಸರದಿ ಬಂತು, ಎರಡು ಸಲಾನೂ ನೀವಿಲ್ಲ. ಡಾಕ್ಟರಮ್ಮ ಪಾಪ ಬಾಗಿಲಿಗೆ ಬಂದು ಬಂದು ನೋಡ್ತಾರೆ.”

ಸ್ಲೇಟು ತೆಗೆದೆ. ಅವರು ಅದನ್ನು ಕಿತ್ತುಕೊಂಡು ಮಡಿಲಲ್ಲಿ ಬೋರಲಾಗಿ ಇಟ್ಟುಕೊಂಡರು. “ನಂಗೆ ಕನ್ನಡಕ ಇಲ್ದೆ ಓದೋಕಾಗಲ್ಲ. ಬಾಯಲ್ಲಿ ಹೇಳಿ.”

“ಬರಲ್ಲ ನಾನು,” ಅಂದೆ. ಅದು “ಮರಲ್ಲ ನಾನು” ಅಂತ ಬಂತು.

“ಮರ ಅಲ್ಲ ಅಂತ ನಂಗೂ ಗೊತ್ತು. ಮರ ಆಗಿದ್ರೆ ಇಷ್ಟು ಕೋಪ ಬರ್ತಿರಲಿಲ್ಲ.” ಅಂಗಡಿಯಲ್ಲಿದ್ದವರು ನಕ್ಕರು. ನನಗೂ ಸಿಟ್ಟು ನೆತ್ತಿಗೇರಿ ಏನೇನೋ ಅಂದುಬಿಟ್ಟೆ. ಹೊಸ ಬಿರಡೆ ಸರಿ ಕೂರಲಿಲ್ಲ, ನೀರು ಬರುತ್ತೆ, ಗಿರಾಕಿ ಎದ್ದು ಹೋದ, ನಿಮಗೇನು ಗೊತ್ತು! ಅವರು ಪೂರ್ತಿ ಕೇಳಿಸಿಕೊಂಡರು.

“ನಾನು ಇಪ್ಪತ್ತು ವರ್ಷ ಜನಗಳ ಮಾತು ಕೇಳಿದ್ದೀನಿ. ಕುಡಿದವರದು, ನಿದ್ದೆಗಣ್ಣಿನವರದು, ಬಾಯಿ ತುಂಬ ತಿಂಡಿ ಇಟ್ಕೊಂಡವರದು. ನಿಮ್ಮದು ಏನೂ ಕಷ್ಟ ಇಲ್ಲ. ಹೇಳಿದ್ದೆಲ್ಲ ಅರ್ಥ ಆಯ್ತು. ಇದನ್ನೇ ಡಾಕ್ಟರಮ್ಮನಿಗೆ ಹೇಳಿ.”

ವಿಚಿತ್ರ ಹೆಂಗಸು. ತಲೆ ತಿಂದುಬಿಟ್ಟರು. ಸೋಮವಾರ ಹೋಗಿ ಬರುತ್ತೇನೆ, ಇಲ್ಲದಿದ್ದರೆ ಮತ್ತೆ ಬಂದಾರು.

ಆಗಸ್ಟ್ ೧೨

ಡಾಕ್ಟರಮ್ಮ ಬೈಯಲಿಲ್ಲ. ಅಂಗಡಿಯಲ್ಲಿ ಏನಾಯಿತು ಅಂತ ಹೇಳಿಸಿಕೊಂಡರು. ಆಮೇಲೆ ಸಣ್ಣ ಕನ್ನಡಿಯೊಂದನ್ನು ಮೂಗಿನ ಕೆಳಗೆ ಹಿಡಿದು “‘ಪಾಪ’ ಅನ್ನಿ. ಬಿಡದೆ ಅಂತಾನೇ ಇರಿ” ಅಂದರು. ಪಾಪ, ಪಾಪ, ಪಾಪ ಅನ್ನುತ್ತಾ ಹೋದೆ. ಕನ್ನಡಿ ಮಂಜಾಯಿತು. ಮೂಗಿನಿಂದ ಗಾಳಿ ಬರುತ್ತಿದೆ ಅಂತ ಅರ್ಥ.

ಅವರು ಸ್ಟೂಲು ಎಳೆದುಕೊಂಡು ಎದುರು ಕೂತರು. “ತಪ್ಪು ನಂದು ಸರ್. ಕ್ಯಾಮೆರಾ ಹಿಡಿದಾಗ ನೀವು ಬಾಯಿ ತೆರೆದು ಅಲ್ಲಾಡದೆ ಕೂತಿದ್ರಿ. ಅಂಗುಳಿನ ಹಿಂದಿನ ಭಾಗ ಮೆತ್ತಗಿರುತ್ತೆ. ಮಾತಾಡುವಾಗ, ನುಂಗುವಾಗ ಅದು ಏಳುತ್ತೆ, ಇಳಿಯುತ್ತೆ. ಸುಮ್ಮನೆ ಕೂತ ಬಾಯಿಗೆ ಸರಿಯಾಗಿ ಮಾಡಿದೆ, ಮಾತಾಡೋ ಬಾಯಿಗೆ ಮಾಡಲಿಲ್ಲ. ಇದಕ್ಕೆ ಹಳೇ ದಾರಿ ಒಂದಿದೆ. ಅದನ್ನೂ ಇದನ್ನೂ ಸೇರಿಸಿ ನೋಡೋಣ.”

ಹಳೇ ದಾರಿ ಅಂದರೆ ಮೇಣ! ಬಿರಡೆಯ ಹಿಂದಿನ ಅಂಚಿಗೆ ಬೆಚ್ಚಗಿನ ಮೇಣ ಹಚ್ಚಿ ಬಾಯೊಳಗೆ ಕೂರಿಸಿದರು. “ಈಗ ನುಂಗಿ. ತಲೆ ಆ ಕಡೆ, ಈ ಕಡೆ. ಮಾತಾಡಿ, ಏನಾದರೂ ಮಾತಾಡಿ.” ಮಾತಾಡಿದ ಹಾಗೆಲ್ಲ ಒಳಗಿನ ಮಾಂಸವೇ ಮೇಣವನ್ನು ಒತ್ತಿ ತನಗೆ ಬೇಕಾದ ಆಕಾರ ಮಾಡಿಕೊಳ್ಳುತ್ತದಂತೆ. ತೆಗೆಯುವುದು, ಇನ್ನಷ್ಟು ಹಚ್ಚುವುದು, ಮತ್ತೆ ಮಾತು. ಏನು ಮಾತಾಡಲಿ? ಅಂಗಡಿಯ ಕಥೆ ಶುರುಮಾಡಿದೆ. ಚಾತಕಪಕ್ಷಿಯ ಹಾಗೆ ಬಾಯಿ ತೆರೆದು ನಿದ್ದೆ ಹೋಗುವ ಮೇಷ್ಟ್ರ ಕಥೆ, ಮೀಸೆಗೆ ಬಣ್ಣ ಹಚ್ಚಿಸಿಕೊಂಡು ಹೆಂಡತಿಗೆ ಹೆದರಿ ತೊಳೆಸಿಕೊಂಡು ಹೋದ ಕಂಟ್ರಾಕ್ಟರನ ಕಥೆ. ಡಾಕ್ಟರಮ್ಮ ನಗುತ್ತಾ “ಸಾಕು ಸರ್, ನನ್ನ ಕೈ ನಡುಗುತ್ತೆ” ಅಂದರು. ಕೊನೆಗೆ ಆ ಮೇಣದ ಆಕಾರವನ್ನು ಕ್ಯಾಮೆರಾದಲ್ಲಿ ತೆಗೆದು ಕಂಪ್ಯೂಟರಿಗೆ ಹಾಕಿದರು.

ಮಧ್ಯಾಹ್ನ ಕಳೆದುಹೋಗಿತ್ತು. ಬಸ್ಸು ತಪ್ಪಿ ನಡೆದೇ ಬಂದೆ.

ಆಗಸ್ಟ್ ೩೦

ಪಾಪ, ಪಾಪ, ಪಾಪ. ಕನ್ನಡಿ ಮಂಜಾಗಲಿಲ್ಲ.

ಡಾಕ್ಟರಮ್ಮ ಕನ್ನಡಿಯನ್ನು ಒರೆಸಿ ಮತ್ತೆ ಹಿಡಿದರು. ಮತ್ತೆ ಆಗಲಿಲ್ಲ. ಒಂದು ಲೋಟ ನೀರು ಕೊಟ್ಟರು. ಗಟಗಟ ಕುಡಿದೆ. ಎಲ್ಲ ಎಲ್ಲಿಗೆ ಹೋಗಬೇಕೋ ಅಲ್ಲಿಗೇ ಹೋಯಿತು.

ಹೊರಗೆ ಬಂದಾಗ ಯಾರಿಗಾದರೂ ಹೇಳಬೇಕು ಅನಿಸಿತು. ಕಂಡಕ್ಟರಮ್ಮ ಇವತ್ತು ಬಂದಿರಲಿಲ್ಲ. ತಮ್ಮ ಅಂಗಡಿ ಬಿಟ್ಟು ಬಂದಿರಲಿಲ್ಲ. ಬಸ್ ಸ್ಟಾಪಿನಲ್ಲಿ ಪಕ್ಕ ನಿಂತವನನ್ನು “ಬಸ್ಸು ಬಂತಾ?” ಅಂತ ಕೇಳಿದೆ. ಗೊತ್ತಿದ್ದೂ ಕೇಳಿದೆ. “ಇನ್ನೂ ಇಲ್ಲ,” ಅಂದ, ಮೊಬೈಲಿನಿಂದ ತಲೆ ಎತ್ತಲಿಲ್ಲ. ಅವನಿಗೇನು ಗೊತ್ತು.

ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಗೋಡೆಗೆ ಹೇಳಿದೆ. ಬಾಗಿಲು. ಬಕೆಟ್ಟು. ದೀಪ. ದಿಂಬು. ಕಿಟಕಿ. ಕೋಣೆಯಲ್ಲಿದ್ದ ಎಲ್ಲದರ ಹೆಸರೂ ಹೇಳಿದೆ. ಹೆಸರು ಮುಗಿದುಹೋದವು.

ಸೆಪ್ಟೆಂಬರ್ ೨

ಪುಟ್ಟಿ ಮೆಟ್ಟಿಲ ಮೇಲೆ ಕೂತಿದ್ದಳು, ಲೆಕ್ಕ ಬರುವುದಿಲ್ಲ ಅಂತ ಅಳುತ್ತಾ. “ಬಾ ಪುಟ್ಟಿ, ನೋಡೋಣ,” ಅಂದೆ. ತಲೆ ಎತ್ತಿ ನನ್ನ ಬಾಯಿಯನ್ನೇ ನೋಡಿದಳು.

“ದೊಡ್ಡಪ್ಪ, ನಿಮ್ಮ ಮಾತು ಎಲ್ಲಿ ಹೋಯ್ತು?”

“ಯಾವ ಮಾತು?”

“ನಿಮ್ಮ ಮಾತು. ಮುಣ್ಣಿ ಅಂತಿದ್ರಲ್ಲ. ನಂಗೆ ಅದೇ ಇಷ್ಟ ಇತ್ತು.”

ಅವಳಿಗೆ ಅದೊಂದು ಮುದ್ದಿನ ಹೆಸರು. ಇಷ್ಟು ದಿನ ನಾನು ಅದನ್ನೇ ನೆನೆದು ಒಳಗೊಳಗೇ ಬೇಯುತ್ತಿದ್ದೆ. ಆಗಲಿ ಮುಣ್ಣಿ ಅಂದೆ. ಲೆಕ್ಕ ಮುಗಿಯಲು ಊಟದ ಹೊತ್ತಾಯಿತು. ಏಳನೇ ಮಗ್ಗಿ ಈ ಕಾಲದ ಮಕ್ಕಳಿಗೆ ಸರಿಯಾಗಿ ಕಲಿಸುವುದೇ ಇಲ್ಲ. ತಮ್ಮನ ಹೆಂಡತಿ ಅನ್ನ ಸ್ವಲ್ಪ ಹೆಚ್ಚು ಬಡಿಸಿಬಿಟ್ಟಳು, ಹೊಟ್ಟೆ ಭಾರವಾಗಿದೆ.

ಸೆಪ್ಟೆಂಬರ್ ೨೦

ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಬಾಗಿಲಿನ ಚೀಟಿಯನ್ನು ತಮ್ಮ ಯಾವಾಗಲೋ ಹರಿದುಹಾಕಿದ್ದಾನೆ, ಗಮನಿಸಿರಲಿಲ್ಲ. ಪೋಸ್ಟಾಫೀಸಿನ ಯಜಮಾನರು ಬಂದಿದ್ದರು. ಮಗಳ ಮನೆ ಕಟ್ಟುವ ಜಗಳವನ್ನು ಮೊದಲಿಂದ ಕೊನೆವರೆಗೆ ಹೇಳಿದರು. ಬಹಳ ಮಾತಾಡುತ್ತಾರೆ.

ಬಾಯಿ ಪರೀಕ್ಷೆಗೆ ಆಸ್ಪತ್ರೆಗೆ ಹೋದಾಗ ಕಂಡಕ್ಟರಮ್ಮ ಮತ್ತೆ ಇರಲಿಲ್ಲ. ಅವರಿಲ್ಲದಿದ್ದರೆ ಆ ಕಾಯುವ ಕೋಣೆಯಲ್ಲಿ ಹೊತ್ತೇ ಹೋಗುವುದಿಲ್ಲ. ಡಾಕ್ಟರಮ್ಮನನ್ನು ಕೇಳಿದೆ. “ಅವರನ್ನೇ ಕೇಳಿ ಸರ್,” ಅಂತ ಮುಖ ತಗ್ಗಿಸಿ ಕೈಗವಸು ಬಿಚ್ಚಿದರು.

ಸೆಪ್ಟೆಂಬರ್ ೨೧

ತಮ್ಮನ ಹತ್ತಿರ ನಂಬರು ಕೇಳಿಕೊಂಡು ಕಂಡಕ್ಟರಮ್ಮನಿಗೆ ಫೋನ್ ಮಾಡಿದೆ. ಈಗ ಕ್ಯಾನ್ಸರ್ ನಾಲಗೆಯಲ್ಲಿ ಬಂದಿದೆಯಂತೆ. ದವಡೆಯದು ವಾಸಿಯಾಯಿತು, ಹಲ್ಲು ಕೂರಿಸುವ ದಿನವೂ ಗೊತ್ತಾಗಿತ್ತು, ಅಷ್ಟರಲ್ಲಿ ಇದು. ಮುಂದಿನ ವಾರ ಆಪರೇಷನ್. ನಾಲಗೆ ಪೂರ್ತಿ ತೆಗೆಯುತ್ತಾರೆ.

“ಹಲ್ಲು ಬೇರೆ ತಯಾರಾಗಿ ಕೂತಿತ್ತು,” ಅಂದರು. “ಒಂದು ಉಪಕಾರ ಮಾಡ್ತೀರಾ? ಆಸ್ಪತ್ರೇಲಿ ತಿಂಗಳುಗಟ್ಟಲೆ ಮಲಗಬೇಕು. ಈ ಕೂದಲು ನೋಡಿಕೊಳ್ಳೋರು ಯಾರು? ನೀವೇ ಬಂದು ತೆಗೆದುಬಿಡಿ. ಗುರುತಿಲ್ಲದವರ ಕೈಗೆ ತಲೆ ಕೊಡೋಕೆ ಮನಸ್ಸಿಲ್ಲ.”

ಸೆಪ್ಟೆಂಬರ್ ೨೩

ಎರಡು ಕೋಣೆಯ ಮನೆ, ಮೂರನೇ ಮಹಡಿ. ಒಬ್ಬರೇ ಇರುತ್ತಾರೆ. ಇಷ್ಟು ದಿನ ಅದು ನನಗೆ ಗೊತ್ತೇ ಇರಲಿಲ್ಲ. ಅಷ್ಟು ಮಾತಾಡುವವರು, ಮನೆ ತುಂಬ ಜನ ಇರಬೇಕು ಅಂದುಕೊಂಡಿದ್ದೆ. ಅಡುಗೆಮನೆಯಲ್ಲಿ ಒಂದೇ ಲೋಟ ಹೊರಗಿತ್ತು. ನನಗಾಗಿ ಇನ್ನೊಂದನ್ನು ಮೇಲಿಂದ ಇಳಿಸಿ, ಧೂಳು ತೊಳೆದು ಚಹಾ ಕೊಟ್ಟರು. ಬಿಸ್ಕತ್ತು ನೆನೆಸಿಕೊಂಡು ತಿಂದೆವು. ಚಹಾಕ್ಕೆ ಸಕ್ಕರೆ ಜಾಸ್ತಿ ಹಾಕುತ್ತಾರೆ.

ಬೆಳಕು ಬರುವ ಕಡೆ ಕುರ್ಚಿ ಹಾಕಿದೆ. ಸೊಂಟದ ತನಕ ಕೂದಲು, ಅರ್ಧ ಬೆಳ್ಳಗೆ. ಜಡೆ ಬಿಚ್ಚಿ ಬಾಚುವಾಗ ಅಂದರು: “ಇವತ್ತು ನಾನು ಸುಮ್ಮನಿರ್ತೀನಿ. ಬಾಯಿ ನೋಯ್ತಿದೆ. ನೀವು ಮಾತಾಡಿ.”

“ಏನು ಮಾತಾಡಲಿ?”

“ಏನಾದರೂ. ನಿಲ್ಲಿಸಬೇಡಿ, ಅಷ್ಟೆ.”

ಕೆಲಸದ ಇಂಟರ್‌ವ್ಯೂಗೆ ಹೊರಟಿದ್ದ ಒಬ್ಬ ಗುಮಾಸ್ತನ ಕಥೆ ಹೇಳಿದೆ. ಮೀಸೆ ಸರಿಮಾಡುವಾಗ ಸೀನಿದ, ಒಂದು ಸೀನಿಗೆ ಅರ್ಧ ಮೀಸೆ ಹೋಯಿತು. ಉಳಿದರ್ಧವನ್ನೂ ತೆಗೆದೆ. ಮನೆಗೆ ಹೋದರೆ ಅವನ ನಾಯಿಯೇ ಬೊಗಳಿತಂತೆ. ಆದರೆ ಕೆಲಸ ಸಿಕ್ಕಿತು. ಕಂಡಕ್ಟರಮ್ಮನ ಹೆಗಲು ಅಲುಗಿತು. ಕತ್ತರಿ ನಿಲ್ಲಿಸಿದೆ. ನಗುತ್ತಿದ್ದಾರೆ ಅಂದುಕೊಂಡೆ, ಮುಂದೆ ಬಗ್ಗಿ ನೋಡಿದರೆ ಕಣ್ಣಲ್ಲಿ ನೀರು. ನಿಲ್ಲಿಸಬೇಡಿ ಅಂತ ಕೈ ಮಾಡಿದರು. ನಿಲ್ಲಿಸಲಿಲ್ಲ. ತಮ್ಮನ ಮದುವೆಯ ದಿನ ನಾನೇ ಅವನ ಗಡ್ಡ ತೆಗೆಯುವಾಗ ಕೆನ್ನೆ ಕೊಯ್ದದ್ದು, ಪುಟ್ಟಿಯ ಏಳನೇ ಮಗ್ಗಿ, ಬಾಯಿಗೆ ಬಂದದ್ದೆಲ್ಲ ಹೇಳುತ್ತಾ ಹೋದೆ. ಕೂದಲು ನೆಲದ ಮೇಲೆ ರಾಶಿ ಬಿತ್ತು. ನಾನೇ ಗುಡಿಸಿದೆ.

ಕಿವಿಯ ಹಿಂದೆ ಒಂದೆಳೆ ಉದ್ದವಾಗಿ ಉಳಿದುಹೋಗಿತ್ತು, ಹೊರಡುವಾಗ ಬಾಗಿಲಲ್ಲಿ ಕಂಡು ಸರಿಮಾಡಿದೆ. ಕೈ ಹಿಡಿದುಕೊಂಡರು. “ಚೆನ್ನಾಗಿ ಕೇಳಿಸ್ತು,” ಅಂದರು. ಅವರ ಬಾಯಿಂದ ನಾನು ಕೇಳುವ ಕೊನೆಯ ಮಾತು ಅದೇ ಇರಬೇಕು.

ಅಕ್ಟೋಬರ್ ೧೪

ಕಂಡಕ್ಟರಮ್ಮನನ್ನು ಎರಡು ದಿನದ ಹಿಂದೆಯೇ ವಾರ್ಡಿಗೆ ತಂದಿದ್ದರಂತೆ, ಇವತ್ತು ನೋಡಲು ಹೋದೆ. ಗಂಟಲಲ್ಲಿ ಕೊಳವೆ, ಮೂಗಲ್ಲಿ ಕೊಳವೆ. ತಲೆ ಸಣ್ಣ ಹುಡುಗನ ಹಾಗೆ ಕಾಣುತ್ತದೆ, ಕತ್ತರಿಸಿದ್ದು ಒಂದೇ ಸಮ ಬಂದಿದೆ, ಅದೊಂದು ಸಮಾಧಾನ. ನನ್ನನ್ನು ನೋಡಿ ಮೊಬೈಲಿನಲ್ಲಿ ಟೈಪ್ ಮಾಡಿ ತೋರಿಸಿದರು: ‘ಎರಡು ದಿನದಿಂದ ಯಾರೂ ಬಂದಿಲ್ಲ. ಏನಾದರೂ ಹೇಳಿ.’

ಸ್ಟೂಲು ಎಳೆದುಕೊಂಡು ಕೂತೆ. ಬೀದಿಯ ಸುದ್ದಿ, ಬಸ್ಸಿನ ಸುದ್ದಿ, ಪೋಸ್ಟಾಫೀಸಿನ ಯಜಮಾನರ ಮಗಳು ಕೊನೆಗೂ ಅಡಿಪಾಯ ಹಾಕಿಸಿದ್ದು, ಒಂದಾದ ಮೇಲೊಂದು. ಪಕ್ಕದ ಹಾಸಿಗೆಯ ಅಜ್ಜಿಯೂ ಈ ಕಡೆ ಹೊರಳಿ ಕೇಳಿಸಿಕೊಳ್ಳತೊಡಗಿತು. ನಗಬಾರದು, ಹೊಲಿಗೆ ಎಳೆಯುತ್ತೆ ಅಂತ ಕಂಡಕ್ಟರಮ್ಮ ಕೈಯಾಡಿಸಿದರು, ಆಮೇಲೆ ಅವರೇ ಮುಂದುವರಿಸಿ ಅಂತ ಸನ್ನೆ ಮಾಡಿದರು.

ಆಗ ನರ್ಸ್ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. “ರೀ, ಎಷ್ಟು ಮಾತಾಡ್ತೀರಿ? ಕಾರಿಡಾರಿನ ಆ ತುದಿಗೂ ಕೇಳ್ತಿದೆ. ಇದು ಆಸ್ಪತ್ರೆ, ಸಂತೆ ಅಲ್ಲ. ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳ್ಳಿ!”

ಎಷ್ಟು ಒರಟು ಹೆಂಗಸು! ರೋಗಿಯನ್ನು ನೋಡಲು ಬಂದವರ ಜೊತೆ ಹೀಗಾ ಮಾತಾಡುವುದು? ಅವಳು ಹೋದ ಮೇಲೆ ದನಿ ತಗ್ಗಿಸಿ ಮುಂದುವರಿಸಿದೆ, ಗಂಟೆ ಹೊಡೆಯುವ ತನಕ.

ನಾಳೆಯೂ ನಾಲ್ಕಕ್ಕೆ ಹೋಗಬೇಕು. ಇದ್ದಬದ್ದ ಸುದ್ದಿಯೆಲ್ಲ ಇವತ್ತೇ ಮುಗಿದುಹೋಯಿತು. ಬೆಳಿಗ್ಗೆ ಅಂಗಡಿಗೆ ಬರುವವರನ್ನು ಮಾತಿಗೆಳೆದು ಹೊಸದೇನಾದರೂ ಕೇಳಿಟ್ಟುಕೊಳ್ಳಬೇಕು.